‘ಬಿಸಿಲು ತಡೆಯುತ್ತೆ’ ಅಂದರೆ ಯಾವ ಅರ್ಥ?

ಎಲ್ಲರಿಗೂ ನಮಸ್ಕಾರ. ‘ತಡೆ’ ಎಂಬ ಕ್ರಿಯಾಪದದ ಬಗ್ಗೆ ಚಿಕ್ಕಮಗಳೂರಿನಿಂದ ಒಂದು ಪ್ರಶ್ನೆ.

ನಮ್ಮ ಕಡೆ ಕೆಲವು ಹೋಂಸ್ಟೇಗಳವರು ಮನೆಗೆ ಒತ್ತಿಕೊಂಡಂತೆ ಗಾಜಿನ ಕೋಣೆ ಕಟ್ಟಿಸುತ್ತಾರೆ. ಮೂರು ಕಡೆ ಗಾಜು, ಮೇಲೆ ಪಾಲಿಕಾರ್ಬೊನೇಟ್ ಅನ್ನುವ ಗಟ್ಟಿ ಪ್ಲಾಸ್ಟಿಕ್ಕಿನ ಶೀಟು. ಕಾಫಿ ಹಿಡಿದು ಕೂತು ಮಳೆ ನೋಡಬಹುದು. ಇಂಥ ಕೆಲಸಗಳಿಗೆ ಕನ್ನಡದಲ್ಲಿ ಎಸ್ಟಿಮೇಟ್ ಬರೆದುಕೊಡುವವನು ನಾನು. ಹೋದ ಬೇಸಿಗೆಯಲ್ಲಿ ಒಂದು ಕಡೆ ಮನೆಯವರಿಗೂ ಶೀಟು ಹಾಕಿದವರಿಗೂ ಮಾತಿಗೆ ಮಾತು ಬೆಳೆಯಿತು. ‘ಬಿಸಿಲು ತಡೆಯುತ್ತೆ ಅಂದಿದ್ರಿ, ಮಧ್ಯಾಹ್ನ ಒಳಗೆ ಕೂರಕ್ಕಾಗಲ್ಲ’ ಅಂತ ಇವರು. ‘ತಡೀತಾ ಇದೆಯಲ್ಲ ಸಾರ್, ಒಂದು ಚೂರೂ ಹಳದಿ ತಿರುಗಿಲ್ಲ’ ಅಂತ ಅವರು.

ಇಬ್ಬರೂ ಹೇಳಿದ್ದು ಸರಿ. ಈ ಶೀಟಿನ ಒಂದು ಮೈಗೆ ನೇರಳಾತೀತ ಕಿರಣ ತಾಗದ ಹಾಗೆ ತೆಳುವಾದ ಪದರ ಇರುತ್ತದೆ. ಯಾವ ಮೈ ಆಕಾಶದ ಕಡೆ ಬರಬೇಕು ಅಂತ ಅಂಟಿಸಿದ ಹಾಳೆಯ ಮೇಲೆ ಅಚ್ಚು ಹಾಕಿರುತ್ತಾರೆ. ತಲೆಕೆಳಗಾಗಿ ಕೂರಿಸಿದರೆ ಬೇಗ ಹಳದಿಯಾಗಿ ಬಿರುಸಾಗುತ್ತದೆ. ಸರಿಯಾಗಿ ಕೂರಿಸಿದರೆ ಶೀಟು ಬಿಸಿಲು ತಡೆಯುತ್ತದೆ, ಅಂದರೆ ಹಾಳಾಗದೆ ಉಳಿಯುತ್ತದೆ. ಆದರೆ ಪಾರದರ್ಶಕ ಶೀಟಿನೊಳಗಿಂದ ಬಿಸಿಲು ಸಲೀಸಾಗಿ ಇಳಿಯುತ್ತದೆ, ನೆಲ ಕಾಯುತ್ತದೆ. ಈ ಶೀಟು ಎರಡು ಪದರದ್ದು, ಆ ಪದರಗಳ ನಡುವೆ ಸಿಕ್ಕಿಕೊಂಡ ಗಾಳಿ ಬಿಸಿ ದಾಟುವುದನ್ನು ಕಡಿಮೆ ಮಾಡುತ್ತದೆ, ನಿಜ. ಒಂಟಿ ಗಾಜಿನ ಒಂದು ಚದರ ಮೀಟರಿನಲ್ಲಿ ಒಳಗೂ ಹೊರಗೂ ಒಂದು ಡಿಗ್ರಿ ವ್ಯತ್ಯಾಸ ಇದ್ದರೆ ಸುಮಾರು 5.7 ವ್ಯಾಟ್ ದಾಟುತ್ತದೆ, 10 ಮಿ.ಮೀ. ಎರಡು ಪದರದ ಶೀಟಿನಲ್ಲಿ ಸುಮಾರು 3. ಆದರೆ ನೇರವಾಗಿ ಬೀಳುವ ಬಿಸಿಲಿಗೆ ಆ ಗಾಳಿ ಅಡ್ಡ ಬರುವುದಿಲ್ಲ.

ನನ್ನ ಪ್ರಶ್ನೆ ಇಲ್ಲಿಂದ ಶುರು. ‘ಕಂಬಳಿ ಚಳಿ ತಡೆಯುತ್ತೆ’ ಅಂದರೆ ಚಳಿಯನ್ನು ಒಳಗೆ ಬಿಡಲ್ಲ ಅಂತ. ‘ಅಜ್ಜಿ ಚಳಿ ತಡೆಯಲ್ಲ’ ಅಂದರೆ ಸಹಿಸಲ್ಲ ಅಂತ. ‘ಸ್ವಲ್ಪ ತಡಿ’ ಅಂದರೆ ಕಾಯಿ ಅಂತ. ‘ಬಿಸಿಲಿಗೆ ತಡೆಯುತ್ತೆ’, ‘ಬಿಸಿಲನ್ನು ತಡೆಯುತ್ತೆ’ ಅಂತ ವಿಭಕ್ತಿ ಹಚ್ಚಿ ಹೇಳಿದರೆ ಗೊಂದಲ ಇರಲ್ಲ. ಮಾತಿನಲ್ಲಿ ಯಾರೂ ಹಾಗೆ ಹೇಳಲ್ಲ, ಅಲ್ವಾ? ಗಾಳಿ, ಮಳೆಗೂ ಇದೇ ಕಥೆ. ಆಷಾಢದ ಗಾಳಿ ಹಗುರ ಛಾವಣಿಯನ್ನು ಕೆಳಗಿಂದ ಎತ್ತಲು ನೋಡುತ್ತದೆ. ‘ಈ ಛಾವಣಿ ಗಾಳಿ ತಡೆಯುತ್ತಾ’ ಅಂತ ಕೇಳಿದವರಿಗೆ ಬೇಕಾದದ್ದು ಅದು ಹಾರಿಹೋಗದೆ ನಿಲ್ಲುತ್ತಾ ಅಂತಲೋ, ಸಂದಿಯಲ್ಲಿ ಗಾಳಿ ನುಗ್ಗಲ್ವಾ ಅಂತಲೋ? ಮೊದಲನೆಯದಕ್ಕೆ ಉತ್ತರ ಸ್ಕ್ರೂ, ರೀಪುಗಳಲ್ಲಿದೆ. ಎರಡನೆಯದಕ್ಕೆ ರಬ್ಬರ್ ಪಟ್ಟಿಯಲ್ಲಿದೆ.

ಭಾರದ ವಿಷಯದಲ್ಲಿ ಮಾತ್ರ ‘ತಡೆ’ಗೆ ಒಂದೇ ಅರ್ಥ. ಅದೇ ಮನೆಯವರು ಶೀಟು ತೆಗೆದು ಗಾಜು ಹಾಕಿಸೋಣ ಅಂದರು. ಆ ಶೀಟು ಚದರ ಮೀಟರಿಗೆ 2 ಕೆಜಿಯೂ ತೂಗಲ್ಲ. 6 ಮಿ.ಮೀ. ಗಾಜು 15 ಕೆಜಿ. ‘ಈಗಿರೋ ಫ್ರೇಮ್ ತಡೆಯಲ್ಲ’ ಅಂದಾಗ ಎಲ್ಲರಿಗೂ ಥಟ್ಟನೆ ಅರ್ಥವಾಯಿತು. ಇಂಗ್ಲೆಂಡಿನಲ್ಲೂ ಇಂಥ ಕೋಣೆಗಳ ಹಗುರ ಛಾವಣಿ ತೆಗೆದು ಬೆಚ್ಚಗಿಡುವ ಭಾರದ ಛಾವಣಿ ಹಾಕಿಸುವಾಗ ಮೊದಲು ಇದನ್ನೇ ನೋಡಬೇಕಾಗುತ್ತದೆ. ಅಲ್ಲಿ ಹಿಮದ ಭಾರವೂ ಸೇರುತ್ತದೆ.

ಪುಸ್ತಕದ ಪದ ಬಳಸಿದರೆ ಆಗಲ್ವಾ ಅಂತ ಕೇಳಬಹುದು. ‘ನಿರೋಧಕ’ದಲ್ಲೂ ಇದೇ ತೊಡಕು. ಜಲನಿರೋಧಕ ಬಟ್ಟೆ ನೀರನ್ನು ಒಳಗೆ ಬಿಡಲ್ಲ. ಭೂಕಂಪ ನಿರೋಧಕ ಮನೆ ಭೂಕಂಪವನ್ನು ನಿಲ್ಲಿಸಲ್ಲ, ಅದು ಬಂದಾಗ ಬೀಳದೆ ನಿಲ್ಲುತ್ತದೆ. ಹಾಗಾದರೆ ‘ಉಷ್ಣನಿರೋಧಕ ಛಾವಣಿ’ ಅಂತ ಬರೆದರೆ ಓದುವವರು ಯಾವುದನ್ನು ತಿಳಿಯಬೇಕು? ದುಡ್ಡು ಕೊಡುವವರು ಓದುವ ಕಾಗದ ಅದು. ಅಲ್ಲಿ ಎರಡರ್ಥ ಇರಬಾರದು ಅನ್ನುವುದು ನನ್ನ ಗಟ್ಟಿ ನಿಲುವು.

ಸದ್ಯಕ್ಕೆ ನಾನು ಹೀಗೆ ಬರೆಯುತ್ತಿದ್ದೇನೆ. ಶೀಟು ಬಿಸಿಲಿಗೆ ‘ತಾಳುತ್ತದೆ’. ಫ್ರೇಮ್ ಭಾರ ‘ಹೊರುತ್ತದೆ’. ಛಾವಣಿಯಲ್ಲಿ ಬಿಸಿ ಸುಲಭವಾಗಿ ‘ದಾಟುವುದಿಲ್ಲ’. ‘ಒಳಗೆ ಬಿಡಲ್ಲ’ ಅಂತ ಬರೆಯಬಹುದಿತ್ತು. ಆದರೆ ಡಿಸೆಂಬರ್ ರಾತ್ರಿ ಒಳಗಿನ ಬೆಚ್ಚನೆ ಹೊರಗೆ ಹೋಗದಂತೆ ಹಿಡಿಯುವುದೂ ಅದೇ ಛಾವಣಿ. ‘ದಾಟು’ ಎರಡೂ ಕಡೆಗೆ ಸಲ್ಲುತ್ತದೆ. ನೆರಳಿನ ವಿಷಯವನ್ನು ಬೇರೆ ಸಾಲಿನಲ್ಲೇ ಬರೆಯುತ್ತೇನೆ.

ಕ್ರಿಯಾಪದ ಸಿಕ್ಕಿತು, ನಾಮಪದ ಸಿಕ್ಕಿಲ್ಲ. ಬಿಸಿ ದಾಟದಿರಲಿ ಅಂತ ಛಾವಣಿಯ ಕೆಳಗೆ ಹಾಸುವ ಪದರವನ್ನು ಏನೆನ್ನಬೇಕು? ‘ಬಿಸಿದಡೆ’ ಅಂದರೆ ಮತ್ತೆ ‘ತಡೆ’ ಬಂತು. ಸಕಲೇಶಪುರ, ಕೊಪ್ಪ ಕಡೆಯ ಬಡಗಿಗಳ ಬಾಯಲ್ಲಿ ಹೆಂಚಿನ ಕೆಳಗಿನ ಹಲಗೆಗೆ, ಅಟ್ಟದ ಮೇಲಿನ ಮಣ್ಣಿನ ಪದರಕ್ಕೆ ಹೆಸರಿದ್ದರೆ ದಯವಿಟ್ಟು ತಿಳಿಸಿ. ನಿಮ್ಮೂರಿನಲ್ಲಿ ‘ತಾಳುತ್ತೆ’ ಅನ್ನುವುದು ವಸ್ತುಗಳಿಗೂ ಬಳಕೆಯಲ್ಲಿದೆಯೋ, ಬರೀ ಮನುಷ್ಯರಿಗೋ, ಅದನ್ನೂ ಬರೆಯಿರಿ.