ಸಹಾಯ ಬೇಕು: ವಿರಾಜಪೇಟೆ ಹತ್ತಿರ ಒಂದೇ ಮನೆಯಲ್ಲಿ ಮೂವತ್ತರ ಮೇಲೆ ಬೆಕ್ಕು

ಪಕ್ಕದ ತೋಟದ ಮನೆಯಲ್ಲಿ ಅಜ್ಜಿಯೊಬ್ಬರೇ ಇದ್ದಾರೆ. ಯಾರೋ ಬಿಟ್ಟುಹೋದ ಮರಿಗಳನ್ನೆಲ್ಲ ತಂದು ಸಾಕಿದವರು, ಈಗ ಕೈಮೀರಿದೆ. ಮಳೆ ಹಿಡಿದ ಮೇಲೆ ಬಾಗಿಲು ಹಾಕೇ ಇರುತ್ತೆ, ಒಳಗೆ ಹೋದರೆ ಉಚ್ಚೆ ವಾಸನೆಗೆ ಕಣ್ಣುರಿ. ಕಾಫಿ ಒಣಗಿಸೋ ಟಾರ್ಪಾಲ್ ಮೇಲೆ ಬಿದ್ದಿರೋ ಮರಿಗಳು ಕೀವು ಕಟ್ಟಿ ಕಣ್ಣೇ ಬಿಡ್ತಿಲ್ಲ. ಅನ್ನ, ಮೀನು ಸಾರು ಹಾಕ್ತಾರೆ, ಎಲ್ಲಿ ಸಾಲುತ್ತೆ?

ಐದಾರು ತಿಂಗಳಿಗೇ ಗಬ್ಬ ನಿಲ್ಲುತ್ತೆ, ಇನ್ನೆರಡು ತಿಂಗಳಿಗೆ ಮರಿ. ಮಡಿಕೇರಿ, ಗೋಣಿಕೊಪ್ಪ ಕಡೆ ಬೆಕ್ಕಿಗೆ ಸಂತಾನಹರಣ ಆಪರೇಷನ್ ಮಾಡುವ ಡಾಕ್ಟರ್ ಗೊತ್ತಿದ್ದರೆ ತಿಳಿಸಿ. ಬೋನು, ಪಿಕಪ್ ಕೂಡ ಬೇಕು.

1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯಲ್ಲಿ ಸಾಕಿದವರು ಸಾಕಷ್ಟು ಆಹಾರ, ನೀರು ಕೊಡದಿರುವುದೂ ಅಪರಾಧವೇ. ಆದರೂ ಪೊಲೀಸ್ ಬೇಡ ಅನ್ನಿಸುತ್ತೆ. ಎಲ್ಲವನ್ನೂ ಒಮ್ಮೆಗೇ ಕಿತ್ತುಕೊಂಡರೆ ಮತ್ತೆ ತಂದು ತುಂಬಿಕೊಳ್ತಾರೆ. ಆಪರೇಷನ್ ಆದ ಒಂದೆರಡು ಅವರ ಹತ್ತಿರವೇ ಇರಲಿ. ಮನೆ ಗುರುತು ಇನ್‌ಬಾಕ್ಸಲ್ಲಿ ಕೊಡ್ತೀನಿ.