ಜಾಮೀನು ಫಾರಂಗೆ ಸೈನ್ ಹಾಕ್ಬೇಡ ಪುಟ್ಟ

ಪುಟ್ಟಾ, ನಿನ್ನ ಮೆಸೇಜು ಬೆಳಗ್ಗೇನೇ ನೋಡ್ದೆ ಕಣೋ, ಟೈಪ್ ಮಾಡೋಕೆ ಕಣ್ಣು ಆಗಲ್ಲ, ಅದಕ್ಕೆ ಮಾತಾಡೇ ಹಾಕ್ತಿದೀನಿ, ಉದ್ದ ಆಯ್ತು ಅಂತ ಅರ್ಧಕ್ಕೆ ನಿಲ್ಲಿಸ್ಬೇಡ. ಆಫೀಸ್ ಫ್ರೆಂಡು ಅಂಗಡಿ ಹಾಕೋಕೆ 8 ಲಕ್ಷ ಲೋನ್ ತಗೋತಿದಾನೆ, ಗ್ಯಾರಂಟರ್ ಸೈನ್ ಬೇಕು, ಬರೀ ಫಾರ್ಮಾಲಿಟಿ ಅಂತಿದಾನೆ, ಸೋಮವಾರ ಬ್ಯಾಂಕಿಗೆ ಬಾ ಅಂತಿದಾನೆ, ಹಾಕ್ಲಾ ಬೇಡ್ವಾ ಅಂತ ತಾನೆ ಕೇಳಿದ್ದು? ಹಾಕ್ಬೇಡ. ಅವನು ಎಷ್ಟೇ ಒಳ್ಳೆಯವನಾಗಿರ್ಲಿ, ಹಾಕ್ಬೇಡ.

ನನ್ನ ವಿಷಯ ಈ ಗ್ರೂಪಲ್ಲಿರೋ ದೊಡ್ಡೋರಿಗೆಲ್ಲ ಗೊತ್ತು, ನೀನಾಗ ಇನ್ನೂ ಹುಟ್ಟಿರ್ಲಿಲ್ಲ. 1996, ನಾನು ಹೈಸ್ಕೂಲಲ್ಲಿ ಟೀಚರಾಗಿದ್ದೆ, ನನ್ನ ಮಗಳು ಪದ್ದು ಎರಡನೇ ಕ್ಲಾಸು. ನಮ್ಮ ಸೈನ್ಸ್ ಮೇಷ್ಟ್ರು ಮನೆಗೆ ಆರ್‌ಸಿಸಿ ಹಾಕ್ಸೋಕೆ ನೌಕರರ ಸೊಸೈಟೀಲಿ 25 ಸಾವಿರ ಸಾಲ ತಗೊಂಡ್ರು, ಇಬ್ಬರ ಜಾಮೀನು ಬೇಕಿತ್ತು, ಒಬ್ರು ಹೆಡ್‌ಮಾಸ್ಟ್ರು, ಇನ್ನೊಬ್ಳು ನಾನು. ಸ್ಟಾಫ್‌ರೂಮಿಗೇ ಫಾರಂ ತಂದ್ರು, ಎಲ್ಲೆಲ್ಲಿ ಸೈನ್ ಹಾಕ್ಬೇಕೋ ಅಲ್ಲೆಲ್ಲ ಪೆನ್ಸಿಲಲ್ಲಿ ಇಂಟು ಮಾರ್ಕ್ ಹಾಕೇ ತಂದಿದ್ರು, ನಾಲ್ಕು ಕಡೆ, ಅದರಲ್ಲಿ ಒಂದು ಖಾಲಿ ಹಾಳೆ. ಬೆಲ್ ಹೊಡೀತು, ಎಂಟನೇ ಕ್ಲಾಸಿಗೆ ಹೋಗ್ಬೇಕಿತ್ತು, ನಿಂತ್ಕೊಂಡೇ ಹಾಕ್ಬಿಟ್ಟೆ. ನಿಮ್ಮ ಮಾವಂಗೂ ಹೇಳ್ಲಿಲ್ಲ, ಹೇಳೋಂಥ ವಿಷಯ ಅಂತಾನೇ ಅನಿಸ್ಲಿಲ್ಲ.

ಒಂದು ವರ್ಷ ಸರಿಯಾಗಿ ಕಟ್ಟಿದ್ರು. ಆಮೇಲೆ ಮೇಷ್ಟ್ರು ಕೆಲಸಕ್ಕೆ ರಾಜೀನಾಮೆ ಕೊಟ್ಟು ತಮ್ಮನ ಜೊತೆ ಅದೇನೋ ವ್ಯಾಪಾರ ಅಂತ ಊರೇ ಬಿಟ್ರು. ಅಷ್ಟೊತ್ತಿಗೆ ಹೆಡ್‌ಮಾಸ್ಟ್ರು ರಿಟೈರ್ ಆಗಿದ್ರು. ಸಂಬಳ ಬರೋಳು ಉಳಿದಿದ್ದು ನಾನೊಬ್ಳೇ. ಸಂಬಳದ ದಿನ ರೆವಿನ್ಯೂ ಸ್ಟಾಂಪ್ ಮೇಲೆ ಸೈನ್ ಹಾಕೋಕೆ ಹೋದ್ರೆ ನನ್ನ ಹೆಸರಿನ ಮುಂದೆ ಕಟಾವಣೆ ಕಾಲಂನಲ್ಲಿ 700 ಅಂತ ಕೆಂಪು ಇಂಕಲ್ಲಿ ಬರ್ದಿದೆ. ಗುಮಾಸ್ತರನ್ನ ಇದೇನ್ ಸಾರ್ ಅಂತ ಕೇಳ್ದೆ. ಮೇಡಂ ಜಾಮೀನು ಹಾಕಿದೀರಲ್ಲ ಅಂದ್ರು. ಅಷ್ಟೇ. 32 ತಿಂಗಳು ಹಿಡಿದ್ರು, ಲೆಕ್ಕ ಹಾಕು, 22,400. ನಾನು ಒಂದು ರೂಪಾಯಿ ಕಣ್ಣಲ್ಲಿ ನೋಡದೇ ಇರೋ ಸಾಲಕ್ಕೆ.

ಅದಕ್ಕೇ ಹೇಳ್ತಿರೋದು, ಹಾಕ್ಬೇಡ ಪುಟ್ಟಾ, ಬರೀ ಫಾರ್ಮಾಲಿಟಿ ಅನ್ನೋ ಮಾತನ್ನ ನಂಬ್ಲೇಬೇಡ. ಫಾರ್ಮಾಲಿಟಿ ಆಗಿದ್ರೆ ಬ್ಯಾಂಕಿನೋರು ನಿನ್ನ ಸ್ಯಾಲರಿ ಸ್ಲಿಪ್ ಯಾಕಪ್ಪ ಕೇಳ್ತಾರೆ?

ಆಗ ದುಡ್ಡಿಗಿಂತ ಜಾಸ್ತಿ ನೋವಾಗಿದ್ದು ಬೇರೆ. ಪದ್ದೂಗೆ ಟೈಫಾಯ್ಡ್ ಆದಾಗ ತವರಿಗೆ ಬಂದು 5 ಸಾವಿರ ಕೈಗಡ ಕೇಳ್ದೆ, ದೊಡ್ಡಣ್ಣ ಹಜಾರದಲ್ಲಿ ಎಲ್ಲರ ಮುಂದೆ ಸೈನ್ ಹಾಕುವಾಗ ನಮ್ಮನ್ನ ಕೇಳಿದ್ಯಾ ಅಂದ. ಅಣ್ಣ ಇದನ್ನ ಕೇಳಿಸ್ಕೊತಿದ್ರೆ ಕೇಳಿಸ್ಕೊಳ್ಳಲಿ, ನಾನು ಸುಳ್ಳು ಹೇಳ್ತಿಲ್ಲ. ಅವನ ಮಗನಿಗೆ ಡಿಪ್ಲೊಮಾ ಫೀಸು ಕಟ್ಟುವಾಗ ನನ್ನ ಸಂಬಳ ಬೇಕಿತ್ತು, ಚಿಕ್ಕಿ ಮದುವೇಲಿ ಪಾತ್ರೆ ಸಾಮಾನೆಲ್ಲ ನಂದೇ, ಆಗ ಯಾರೂ ಯಾರನ್ನೂ ಕೇಳ್ಲಿಲ್ಲ. ಕೆಲಸಕ್ಕೆ ಹೋಗೋ ಹೆಣ್ಣುಮಗಳ ಸಂಬಳ ಎಲ್ಲರದ್ದು, ಅವಳ ಸಾಲ ಮಾತ್ರ ಅವಳದ್ದು. ಅವತ್ತು ರಾತ್ರಿ ಬಸ್ಸಿಗೆ ವಾಪಸ್ ಬಂದ್ವಿ, ನಿಮ್ಮಪ್ಪ ಒಬ್ನೇ ಬಸ್‌ಸ್ಟ್ಯಾಂಡ್ ತನಕ ಬಂದು ಪದ್ದು ಕೈಗೆ 200 ರೂಪಾಯಿ ಇಟ್ಟ, ಅವನಿಗಾಗ ಕೆಲಸಾನೂ ಇರ್ಲಿಲ್ಲ. ಅದನ್ನ ಮರೆಯಲ್ಲ ನಾನು.

ಹಾಂ, ನಾನು ಹೇಳೋಕೆ ಬಂದಿದ್ದು. ಪದ್ದು ಗಂಡ ವಕೀಲ್ರಲ್ವಾ, ಆಮೇಲೆ ಎಷ್ಟೋ ವರ್ಷಕ್ಕೆ ಅವರು ನನಗೆ ಬಿಡಿಸಿ ಹೇಳಿದ್ದು. 1872ರ ಕಾಂಟ್ರಾಕ್ಟ್ ಆಕ್ಟಲ್ಲಿ 128ನೇ ಸೆಕ್ಷನ್ ಅಂತೆ, ಅಗ್ರಿಮೆಂಟಲ್ಲಿ ಬೇರೆ ಥರ ಬರೀದೇ ಇದ್ರೆ ಸಾಲಗಾರನಿಗೆ ಎಷ್ಟು ಹೊಣೆಯೋ ಜಾಮೀನುದಾರನಿಗೂ ಅಷ್ಟೇ ಹೊಣೆ. ಮೊದಲು ಅವನ ಹತ್ರ ವಸೂಲಿ ಮಾಡಿ ಆಮೇಲೆ ನನ್ನ ಹತ್ರ ಬನ್ನಿ ಅನ್ನೋ ಹಾಗಿಲ್ಲ, ಬ್ಯಾಂಕು ಸೀದಾ ನಿನ್ನ ಬಾಗಿಲಿಗೇ ಬರಬಹುದು. ನೀನು ಕಟ್ಟಿದ್ಮೇಲೆ ಅವನಿಂದ ವಸೂಲಿ ಮಾಡೋ ಹಕ್ಕು ಇದೆ, ಇಲ್ಲ ಅಂತಲ್ಲ, ಆದ್ರೆ ಕೋರ್ಟಿಗೆ ನೀನೇ ಅಲೀಬೇಕು, ಕಟ್ಟಿ 3 ವರ್ಷದೊಳಗೆ ದಾವೆ ಹಾಕ್ಬೇಕು. ಇನ್ನೊಬ್ಬ ಜಾಮೀನುದಾರ ಇದ್ರೆ ಅವನ ಪಾಲು ಅವನನ್ನೇ ಕೇಳಬಹುದು. ಹೆಡ್‌ಮಾಸ್ಟ್ರ ಹತ್ರ ಅರ್ಧ ಕೇಳಬಹುದಿತ್ತಂತೆ ನಾನು! ಗೊತ್ತಾಗೋ ಹೊತ್ತಿಗೆ ಅವರೇ ತೀರ್ಕೊಂಡಿದ್ರು, ವಾಯಿದೇನೂ ಮುಗಿದಿತ್ತು.

ನಿನಗೆ ಇನ್ನೊಂದಿದೆ, ಅದು ನನ್ನ ಕಾಲದಲ್ಲಿ ಇರ್ಲಿಲ್ಲ. ಜಾಮೀನು ಹಾಕಿದ ಸಾಲ ನಿನ್ನ ಸಿಬಿಲ್ ರಿಪೋರ್ಟಲ್ಲೂ, ಅಂದ್ರೆ ಬ್ಯಾಂಕಿನೋರು ನೋಡೋ ನಿನ್ನ ಸಾಲದ ಜಾತಕದಲ್ಲೂ ಕಾಣುತ್ತೆ. ಅವನು ಕಂತು ತಪ್ಪಿಸಿದ್ರೆ ಪೆಟ್ಟು ನಿನ್ನ ಸ್ಕೋರಿಗೂ ಬೀಳುತ್ತೆ. ನೀನು ಬರೋ ವರ್ಷ ಮನೆ ಲೋನಿಗೆ ಹಾಕ್ತೀನಿ ಅಂತಿದ್ಯಲ್ಲ, ಅವರು ಈ 8 ಲಕ್ಷಾನೂ ಲೆಕ್ಕಕ್ಕೆ ಹಿಡೀಬಹುದು. ಅವನಿಗೂ ಇದನ್ನೇ ಹೇಳು, ನಾನೇ ಲೋನ್ ತಗೋತಿದೀನಿ, ಆಗಲ್ಲ ಅಂತ. ಸುಳ್ಳೇನಲ್ಲ, ಮುಖ ಕೆಡಿಸ್ಕೊಳ್ಳೋದೂ ಬೇಡ. ಸಹಾಯ ಮಾಡ್ಲೇಬೇಕು ಅನಿಸಿದ್ರೆ ವಾಪಸ್ ಬರದೇ ಇದ್ರೂ ನಿನಗೆ ಕಷ್ಟ ಆಗದೇ ಇರೋಷ್ಟು ದುಡ್ಡು ಕೈಯಲ್ಲಿ ಕೊಡು.

ಈಗಾಗ್ಲೇ ಯಾವುದಾದ್ರೂ ಹಾಳೆಗೆ ಸೈನ್ ಹಾಕಿ ಕೊಟ್ಟಿದ್ರೆ ಮುಚ್ಚಿಡಬೇಡ, ಈಗ್ಲೇ ಹೇಳು, ಸಾಲ ಬಿಡುಗಡೆ ಆಗೋದ್ರೊಳಗೆ ಬ್ಯಾಂಕಿಗೆ ಬರವಣಿಗೇಲಿ ಬೇಡ ಅಂತ ಕೊಟ್ಟು ಸೀಲ್ ಹಾಕಿಸ್ಕೊಂಡು ಬರ್ಬೇಕು. ಓಡಿ, ಅಂದ್ರೆ ಬೇಕಾದಾಗ ತೆಗೆದು ಕಟ್ಟಿ ಮತ್ತೆ ತೆಗೆಯೋ ಓವರ್‌ಡ್ರಾಫ್ಟ್ ಸಾಲಾನಾ, ಕಂತಿನ ಸಾಲಾನಾ ಅಂತಾನೂ ನೋಡ್ಬೇಕು, ಓಡಿ ಆದ್ರೆ ಜಾಮೀನು ಮುಂದುವರೀತಾನೇ ಇರುತ್ತೆ. ಫಾರಂ ಫೋಟೋ ಗ್ರೂಪಿಗೆ ಹಾಕ್ಬೇಡ, ಅದರಲ್ಲಿ ನಿನ್ನ ಆಧಾರ್ ಪ್ಯಾನ್ ಎಲ್ಲ ಇರುತ್ತೆ, ನನಗೊಬ್ಳಿಗೇ ಕಳಿಸು, ಅಳಿಯಂದ್ರು ರಾತ್ರಿ ಊಟಕ್ಕೆ ಬರ್ತಾರೆ, ತೋರಿಸ್ತೀನಿ. ಭಾನುವಾರ ಬೆಳಗ್ಗೆ ಫೋನ್ ಮಾಡು, ಹತ್ತರ ಮೇಲೆ.