ಇಡಾಹೋ ಬೆಟ್ಟಗಳಲ್ಲಿ ಮೋಡ ಬಿತ್ತನೆಯಿಂದ ನಿಜಕ್ಕೂ ಹಿಮ ಜಾಸ್ತಿ ಬಿದ್ದಿದೆಯಾ?

ಪ್ರಶ್ನೆ (ಗದಗದ ರೈತ):
2017ರಲ್ಲಿ ನಮ್ಮಲ್ಲಿ ಸರ್ಕಾರದ ‘ವರ್ಷಧಾರಿ’ ಮೋಡ ಬಿತ್ತನೆ ನಡೆದಾಗ ಮೋಡ ನೋಡುತ್ತಾ ಕಾದಿದ್ದೆ. ಮಳೆ ಬಂದಾಗಲೂ ಅದು ಬಿತ್ತನೆಯಿಂದ ಬಂತೋ, ತಾನಾಗಿ ಬಂತೋ ತಿಳಿಯಲೇ ಇಲ್ಲ. ಅಮೆರಿಕದ ಇಡಾಹೋದಲ್ಲಿ ಇದನ್ನು ಖಚಿತವಾಗಿ ತೋರಿಸಿದ್ದಾರಂತೆ. ಹೇಗೆ? ಅಲ್ಲಿರುವವರು ದಯವಿಟ್ಟು ಹೇಳಿ.

ಉತ್ತರ (ಬಾಯ್ಸಿ ಕನ್ನಡಿಗ):
ಹೌದು ಸರ್, ತೋರಿಸಿದ್ದಾರೆ. ನನಗೆ ತುಂಬಾ ಇಷ್ಟವಾದ ಪ್ರಯೋಗ ಇದು. ಹೆಸರು ಸ್ನೋವಿ. 2017ರ ಚಳಿಗಾಲದಲ್ಲಿ ಪೇಯೆಟ್ ನದಿಯ ಕಣಿವೆಯಲ್ಲಿ ನಡೆಯಿತು.

ಇಲ್ಲಿನ ಚಳಿಗಾಲದ ಮೋಡಗಳಲ್ಲಿ ಸೊನ್ನೆ ಡಿಗ್ರಿಗಿಂತ ಎಷ್ಟೋ ಕೆಳಗಿದ್ದರೂ ಹೆಪ್ಪುಗಟ್ಟದ ನೀರಿನ ಹನಿಗಳಿರುತ್ತವೆ. ಬಿತ್ತನೆಗೆ ಬಳಸುವ ಸಿಲ್ವರ್ ಅಯೋಡೈಡ್ ಎಂಬ ಬೆಳ್ಳಿಯ ಸಂಯುಕ್ತದ ಕಣದ ರಚನೆ ಮಂಜುಗಡ್ಡೆಯನ್ನೇ ಹೋಲುತ್ತದೆ. ಅದು ಸಿಕ್ಕರೆ ಹನಿ ಹೆಪ್ಪುಗಟ್ಟಿ ಹಿಮದ ಹರಳು ಬೆಳೆಯುತ್ತದೆ, ಭಾರವಾಗಿ ಬೀಳುತ್ತದೆ.

ಜನವರಿ 19ರಂದು ವಿಮಾನ ಗಾಳಿಗೆ ಅಡ್ಡಲಾಗಿ ಹೋಗಿ ಬಂದು ಸಿಲ್ವರ್ ಅಯೋಡೈಡ್ ಉರಿಸಿ ಮೋಡಕ್ಕೆ ಬಿಟ್ಟಿತು. ಆಮೇಲೆ ರಾಡಾರ್‌ನಲ್ಲಿ ಹಿಮ ಅಂಕುಡೊಂಕು ಗೆರೆಯಾಗಿ ಕಾಣಿಸಿತು. ವಿಮಾನ ಹೋಗಿ ಬರುವಾಗ ಬಿಟ್ಟ ಕಣಗಳನ್ನು ಗಾಳಿ ಸಾಗಿಸಿದ್ದರಿಂದ ಆದ ಆಕಾರ ಅದು! ಮೋಡ ತಾನಾಗಿ ಅಂಥ ಗೆರೆ ಎಳೆಯುವುದಿಲ್ಲ ಅಲ್ವಾ? ನಿಮ್ಮ ಪ್ರಶ್ನೆಗೆ ಉತ್ತರ ಆ ಗೆರೆಯಲ್ಲೇ ಇದೆ. ಆ ತಿಂಗಳ ಮೂರು ಬಿತ್ತನೆಗಳಿಂದ ಬಿದ್ದ ಹಿಮದ ನೀರು ಸುಮಾರು 282 ಒಲಿಂಪಿಕ್ ಈಜುಕೊಳದಷ್ಟು.

ಇದಕ್ಕೆ ವಿದ್ಯುತ್ ಕಂಪನಿಯೂ ಕೈಜೋಡಿಸಿತ್ತು. ಬೇಸಿಗೆಯಲ್ಲಿ ಹಿಮ ಕರಗಿ ಸ್ನೇಕ್ ನದಿಯ ಅಣೆಕಟ್ಟುಗಳಿಗೆ ಬರುತ್ತದೆ, ಅದರಿಂದಲೇ ಕರೆಂಟು.

ಉತ್ತರ (ಮೈಸೂರಿನ ಮೇಷ್ಟ್ರು):
ಒಂದು ಮಾತು ಸೇರಿಸುತ್ತೇನೆ. ಅಮೆರಿಕದ ವಯೋಮಿಂಗ್ ರಾಜ್ಯದಲ್ಲಿ ವರ್ಷಗಟ್ಟಲೆ ಪರೀಕ್ಷೆ ಮಾಡಿದವರು ಹೇಳಿದ್ದು, ಹದವಾದ ಮೋಡ ಸಿಕ್ಕರೆ ಹಿಮದಲ್ಲಿ 5ರಿಂದ 15 ಶೇಕಡಾ ಹೆಚ್ಚಳ ಎಂದು. ಎಲ್ಲ ಮೋಡಗಳೂ ಹದವಾಗಿರುವುದಿಲ್ಲ. ಮೋಡವೇ ಇಲ್ಲದ ಬರಗಾಲದಲ್ಲಿ ಸುಮ್ನೆ ವಿಮಾನ ಹಾರಿಸಿ ಏನೂ ಸಿಗುವುದಿಲ್ಲ.

ಗದಗದ ರೈತ:
ಹಾಗಾದರೆ ನಮ್ಮಲ್ಲೂ ರಾಡಾರ್‌ನಲ್ಲಿ ಹಾಗೆ ಗೆರೆ ಹುಡುಕಬಹುದಾ?

ಬಾಯ್ಸಿ ಕನ್ನಡಿಗ:
ಕಷ್ಟ ಸರ್. ಅವತ್ತು ಇಲ್ಲಿ ತಾನಾಗಿ ಬೀಳುತ್ತಿದ್ದ ಹಿಮ ಬಹಳ ಕಡಿಮೆ ಇತ್ತು, ಅದಕ್ಕೇ ಗೆರೆ ಎದ್ದು ಕಂಡಿತು. ಮುಂಗಾರಿನ ಮೋಡ ಒಳಗೊಳಗೇ ಕುದಿಯುತ್ತಾ ಬೆಳೆಯುತ್ತದೆ, ಗೆರೆ ಕಲಸಿ ಹೋಗುತ್ತದೆ. ಅಲ್ಲಿ ಬಿತ್ತಿದ ಮೋಡ, ಬಿತ್ತದ ಮೋಡ ಎರಡನ್ನೂ ಬಹಳ ಸಲ ಹೋಲಿಸಿಯೇ ನೋಡಬೇಕು.